ಹತ್ತನೆಯ ತರಗತಿಯ ಮಕ್ಕಳೂ ಮುಂದಣ ದಾರಿಯೂ

ಓದತಕ್ಕ ವೇದಭಾಗಗಳು: ಲೂಕ 14:25-33, ದಾನಿಯೇಲ 1ನೆಯ ಅಧ್ಯಾಯ, ಯಾಕೋಬ 4:13-15.



ಖರ್ಚಿನ ಲೆಕ್ಕವನ್ನು ನೋಡದೆ ಗೋಪುರ ಕಟ್ಟುವದಕ್ಕೆ ಹೊರಟವನ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ಅಂಥ ಕಟ್ಟಡಗಳು ನಮ್ಮ ಹಳ್ಳಿಗಳಲ್ಲಿಯೂ ಉಂಟು. ಗೋಡೆಯು ಸೊಂಟದೆತ್ತರ ಬಂದು ನಿಂತು, ಅದರ ಮೇಲೆ ಎಕ್ಕದ ಗಿಡ ಹುಟ್ಟಿರುತ್ತದೆ. ದಾರಿಹೋಕರು ನೋಡಿ ನಗುತ್ತಾರೆ. ಅದರ ಸಾಲವೆಷ್ಟೆಂಬದು ಕಟ್ಟಿದವನಿಗೆ ಮಾತ್ರ ಗೊತ್ತು. ಮಕ್ಕಳ ಓದು ಅನೇಕ ಮನೆಗಳಲ್ಲಿ ಹೀಗೆಯೇ ಅರ್ಧಕ್ಕೆ ನಿಂತುಹೋಗುವದನ್ನು ನಾವು ಕಾಣುತ್ತೇವೆ. ನಮ್ಮ ಕ್ರೈಸ್ತ ಹೈಸ್ಕೂಲುಗಳಲ್ಲಿ ಹತ್ತನೆಯ ತರಗತಿಗೆ ಬಂದಿರುವ ಮಕ್ಕಳ ವಿಷಯವಾಗಿ ಈ ಪಾಠದಲ್ಲಿ ವಿಚಾರಿಸೋಣ. ಇದನ್ನು ಮನೆಕೂಟದಲ್ಲಿ ಗಟ್ಟಿಯಾಗಿ ಓದಿರಿ, ಮಕ್ಕಳನ್ನೂ ಕೂಡಿಸಿಕೊಳ್ಳಿರಿ.

1. ಚಿಂತೆ ಬೇರೆ, ಆಲೋಚನೆ ಬೇರೆ

ನಾಳೆಯ ಚಿಂತೆ ಬೇಡವೆಂದು ಸ್ವಾಮಿಯೇ ಕಲಿಸಿದ್ದಾನಲ್ಲಾ, ಹಾಗಾದರೆ ಮಗನ ಮುಂದಿನ ಓದಿನ ಗೊಡವೆ ನಮಗೇಕೆ ಎಂದು ಕೆಲವರು ಕೇಳುವದುಂಟು. ಚಿಂತೆಯು ದೇವರನ್ನು ಮರೆತವನ ಭಯ. ಆಲೋಚನೆಯಾದರೋ ದೇವರು ಕೊಟ್ಟ ಬುದ್ಧಿಯ ಉಪಯೋಗ. ಯೋಸೇಫನು ಬರಗಾಲಕ್ಕೆ ಏಳು ವರುಷ ಮುಂಚಿತವಾಗಿ ಕಣಜಗಳನ್ನು ತುಂಬಿಸಿದನು. ಇದನ್ನು ಅವಿಶ್ವಾಸವೆಂದು ವೇದವು ಎಲ್ಲಿಯೂ ಹೇಳುವದಿಲ್ಲ. ಯಾಕೋಬನು ತನ್ನ ಪತ್ರಿಕೆಯಲ್ಲಿ ಗದರಿಸಿದ್ದು ಲೆಕ್ಕ ಹಾಕಿದವರನ್ನಲ್ಲ, ಕರ್ತನ ಚಿತ್ತವನ್ನು ಬಿಟ್ಟು ಲೆಕ್ಕ ಹಾಕಿದವರನ್ನೇ. ಬಿತ್ತುವ ಮೊದಲು ಬೀಜವನ್ನು ಆರಿಸಿಡುವ ಒಕ್ಕಲಿಗನು ಮಳೆಯನ್ನು ತಾನು ಸುರಿಸುತ್ತೇನೆಂದು ಎಣಿಸುವದಿಲ್ಲ. ಮಳೆ ಬಂದಾಗ ಬರಿಗೈಯಲ್ಲಿ ನಿಲ್ಲಬಾರದೆಂದು ಹಾಗೆ ಮಾಡುತ್ತಾನೆ.

2. ಹಿರಿಯರ ಕಾಲವೂ ನಮ್ಮ ಕಾಲವೂ

1834ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದು ಸುವಾರ್ತೆಯನ್ನು ಸಾರಿದಾಗ, ಸ್ನಾನದೀಕ್ಷೆ ಹೊಂದಿದವರಲ್ಲಿ ಅನೇಕರು ಮನೆಯನ್ನೂ ಗೇಣಿಭೂಮಿಯನ್ನೂ ಕುಲದ ಕಸುಬನ್ನೂ ಕಳಕೊಂಡರು. ಅವರ ಹೊಟ್ಟೆಪಾಡಿಗೆ ದಾರಿಯಾಗಬೇಕೆಂದು ಮಿಷನಿನವರು 1841ರಲ್ಲಿ ಸ್ಥಾಪಿಸಿದ ಅಚ್ಚುಕೂಟದಲ್ಲಿಯೂ, ಮುಂದೆ ನೆಯ್ಗೆಯ ಶಾಲೆಗಳಲ್ಲಿಯೂ, 1865ರಲ್ಲಿ ಜೆಪ್ಪುವಿನಲ್ಲಿ ತೊಡಗಿದ ಹಂಚಿನ ಕಾರ್ಖಾನೆಯಲ್ಲಿಯೂ ಅವರಿಗೆ ಕೆಲಸ ಕೊಟ್ಟರು. ಮಗನು ಓದಿದರೆ ಉಪಾಧ್ಯಾಯನು, ಓದದಿದ್ದರೆ ಹಂಚಿನ ಕಾರ್ಖಾನೆ, ಹೇಗಾದರೂ ಮಿಷನು ಕೈಬಿಡದು ಎಂಬ ನಂಬಿಕೆ ಆಗ ಹುಟ್ಟಿತು.

ಆದರೆ 1914ರಲ್ಲಿ ಆರಂಭವಾದ ಮಹಾಯುದ್ಧದ ನಿಮಿತ್ತ ಆ ಕಾರ್ಖಾನೆಗಳು ಮಿಷನಿನ ಕೈತಪ್ಪಿ, 1919ರ ಹೊತ್ತಿಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಗೆ ಸೇರಿದವು. ಕಾಲ ಬಹಳ ಕಳೆಯಿತು. ಆ ನಂಬಿಕೆಯ ನೆರಳು ಮಾತ್ರ ಇನ್ನೂ ಉಳಿದದೆ. ಅಯ್ಯನವರು ಏನಾದರೂ ಮಾಡಿಕೊಡುವರು ಎಂದು ಕಾಯುತ್ತಾ ಕೂತಿರುವ ಹೆತ್ತವರು ಇಂದಿಗೂ ಇದ್ದಾರೆ. ಸಭೆಯು ಪ್ರಾರ್ಥಿಸಬಹುದು, ಬುದ್ಧಿ ಹೇಳಬಹುದು, ಕೈಲಾದಷ್ಟು ಸಹಾಯ ಮಾಡಬಹುದು. ಎಲ್ಲರ ಮಕ್ಕಳಿಗೂ ಕೆಲಸ ಕೊಡಲಾರದು. ಆದದರಿಂದ ಹಿರಿಯರು ಮಿಷನಿನ ಆಸರೆಯಲ್ಲಿ ಮಾಡಿದ ಲೆಕ್ಕವನ್ನು ಈಗ ಮನೆಯವರೇ ಕೂತು ಮಾಡಬೇಕು.

3. ಹಿರಿಯ ವಿದ್ಯಾರ್ಥಿಯ ನಡತೆ

ದಾನಿಯೇಲನೂ ಅವನ ಸಂಗಡಿಗರೂ ಪರರಾಜನ ಅರಮನೆಯಲ್ಲಿ ಮೂರು ವರುಷ ಕಸ್ದೀಯರ ಭಾಷೆಯನ್ನೂ ಗ್ರಂಥಗಳನ್ನೂ ಕಲಿತರು. ಕಲಿಯುವದಕ್ಕೆ ಅವರು ಹಿಂದೆಗೆಯಲಿಲ್ಲ. ದೇವರ ಮುಂದೆ ಕೆಡಬಾರದೆಂಬ ನಿಶ್ಚಯವನ್ನೂ ಬಿಡಲಿಲ್ಲ. ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೇ ಮಾದರಿ ಬೇಡ.

ಬೋರ್ಡಿಂಗಿನಲ್ಲಿ ಹತ್ತನೆಯ ತರಗತಿಯವನೇ ಎಲ್ಲರಿಗಿಂತ ಹಿರಿಯನು. ಬೆಳಿಗ್ಗೆ ಚಿಕ್ಕವರನ್ನು ಎಬ್ಬಿಸುವದು, ಗಂಟೆ ಬಾರಿಸುವದು, ಪ್ರಾರ್ಥನೆಯಲ್ಲಿ ಪಾಠ ಓದುವದು, ಊಟ ಬಡಿಸುವದು, ಜ್ವರ ಬಂದವನ ಬಳಿಯಲ್ಲಿ ಕೂತಿರುವದು, ಇವೆಲ್ಲಾ ಅವನ ಪಾಲಿಗೆ ಬರುತ್ತವೆ. ಇವು ಓದಿಗೆ ಅಡ್ಡಿಯೆಂದು ಗುಣುಗುಟ್ಟಬಾರದು. ಒಬ್ಬ ಹುಡುಗನಲ್ಲಿ ದೇವರು ಯಾವ ವರವನ್ನಿಟ್ಟಿದ್ದಾನೆಂಬದು ಈ ಚಿಕ್ಕ ಕೆಲಸಗಳಲ್ಲಿಯೇ ಹೊರಬೀಳುವದು. ರೋಗಿಯ ಬಳಿಯಲ್ಲಿ ಬೇಸರವಿಲ್ಲದೆ ಕೂಡುವವಳು ದಾದಿಯಾಗಬಹುದು. ಕೆಟ್ಟ ಪಂಪನ್ನು ಬಿಚ್ಚಿ ಸರಿಮಾಡುವವನಿಗೆ ಯಂತ್ರದ ಕಸುಬು ಒಪ್ಪಬಹುದು. ಆದದರಿಂದ ಹೆತ್ತವರು ಶಾಲೆಗೆ ಹೋದಾಗ ಅಂಕಗಳನ್ನು ಮಾತ್ರ ಕೇಳಿ ಬರಬಾರದು. ನಮ್ಮ ಮಗನಲ್ಲಿ ನೀವು ಏನು ಕಂಡಿರಿ ಎಂದು ಉಪಾಧ್ಯಾಯರನ್ನೂ ವಾರ್ಡನರನ್ನೂ ಕೇಳಬೇಕು.

ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಆರು ವಿಷಯಗಳು, ಒಟ್ಟು 625 ಅಂಕಗಳು. ಒಂದು ವಿಷಯದಲ್ಲಿ ತಪ್ಪಿಹೋದರೆ ಅದೇ ವರುಷದಲ್ಲಿ ಮತ್ತೆ ಬರೆಯುವ ಅವಕಾಶವುಂಟು. ಇದನ್ನು ತಿಳಿಯದೆ ನಾಚಿಕೆಯಿಂದ ಊರು ಬಿಟ್ಟು ಕೂಲಿಗೆ ಹೋದ ಮಕ್ಕಳಿದ್ದಾರೆ. ಪೇತ್ರನು ಮೂರು ಸಾರಿ ಬಿದ್ದರೂ ಸ್ವಾಮಿಯು ಅವನನ್ನು ತಳ್ಳಿಬಿಡಲಿಲ್ಲವೆಂಬದನ್ನು ಹೆತ್ತವರು ಆ ದಿನ ನೆನಸತಕ್ಕದ್ದು.

4. ಮುಂದೆ ಇರುವ ದಾರಿಗಳು

ಪರೀಕ್ಷೆಯಾದ ಮೇಲೆ ಕಾಲೇಜೊಂದೇ ದಾರಿಯೆಂದು ತಿಳಿಯಬೇಡಿರಿ. ಐ.ಟಿ.ಐ.ಯಲ್ಲಿ ವೆಲ್ಡರ್ ಕಸುಬು ಒಂದು ವರುಷದ್ದು. ಫಿಟ್ಟರ್, ಎಲೆಕ್ಟ್ರಿಷಿಯನ್ ಮುಂತಾದವು ಎರಡು ವರುಷದ್ದು. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರುಷದ್ದು. ಅದನ್ನು ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೆಯ ವರುಷಕ್ಕೆ ಸೇರಬಹುದು. ಪಿ.ಯು.ಸಿ. ಎರಡು ವರುಷದ್ದು, ಅದರಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಎಂಬ ವಿಭಾಗಗಳುಂಟು.

ಇಲ್ಲಿ ಒಂದು ಎಚ್ಚರಿಕೆ. ಮಗಳು ಬಿ.ಎಸ್‌ಸಿ. ನರ್ಸಿಂಗ್ ಓದಬೇಕೆಂದಿದ್ದರೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ತೆಗೆದುಕೊಂಡಿರಬೇಕು. ಹತ್ತಿರದ ಕಾಲೇಜಿನಲ್ಲಿ ಕಲಾವಿಭಾಗ ಮಾತ್ರ ಇದೆಯೆಂದು ಅಲ್ಲಿಗೇ ಸೇರಿಸಿ, ಎರಡು ವರುಷದ ಮೇಲೆ ನರ್ಸಿಂಗ್ ಕಾಲೇಜಿನ ಬಾಗಿಲಲ್ಲಿ ನಿಂತು ಅತ್ತರೆ ಪ್ರಯೋಜನವಿಲ್ಲ. ಆದದರಿಂದ ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಿರಿ: ಏನಾಗಬೇಕು, ಅದಕ್ಕೆ ಯಾವ ಓದು ಬೇಕು, ಎಷ್ಟು ವರುಷ ಹಿಡಿಯುವದು, ಒಂದು ವರುಷಕ್ಕೆ ಖರ್ಚೆಷ್ಟು, ಅದರಲ್ಲಿ ನಮ್ಮಿಂದಾಗುವದೆಷ್ಟು. ಇದನ್ನು ಒಂದು ಕಾಗದದಲ್ಲಿ ಬರೆದಿಡಿರಿ. ಕೈಕಸುಬು ಹೀನವೆಂದು ಎಣಿಸಬೇಡಿರಿ. ಪೌಲನು ಕೊರಿಂಥದಲ್ಲಿ ಡೇರೆ ಹೊಲಿದು ತನ್ನ ಅನ್ನವನ್ನು ಸಂಪಾದಿಸಿದನು.

5. ಹೆಸರೂ ದೃಢಪತ್ರವೂ

ಬಾಬೆಲಿನಲ್ಲಿ ದಾನಿಯೇಲನಿಗೆ ಇನ್ನೊಂದು ಹೆಸರನ್ನಿಟ್ಟರು. ನಮ್ಮ ಮಕ್ಕಳಲ್ಲಿಯೂ ಅನೇಕರಿಗೆ ಎರಡು ಹೆಸರುಗಳುಂಟು: ದೀಕ್ಷೆಯ ದಾಖಲೆಯಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್ ಚೀಟಿಯಲ್ಲಿ ಕೆಲವು ಸಾರಿ ಮೂರನೆಯದು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಇವು ಹೊಂದದಿದ್ದರೆ ತೊಡಕಾಗುವದು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅಚ್ಚಾದ ಹೆಸರನ್ನೂ ಹುಟ್ಟಿದ ತಾರೀಕನ್ನೂ ಆ ಮೇಲೆ ತಿದ್ದಿಸುವದು ಬಹು ಕಷ್ಟ. ಆದದರಿಂದ ಪರೀಕ್ಷೆಗೆ ಹೆಸರು ಕಳುಹಿಸುವದಕ್ಕೆ ಮುಂಚೆಯೇ ಮುಖ್ಯೋಪಾಧ್ಯಾಯರ ಬಳಿಗೆ ಹೋಗಿ ನೋಡಿಕೊಳ್ಳಿರಿ.

ಇನ್ನು ಜಾತಿಯ ದೃಢಪತ್ರದ ಮಾತು. ಇದನ್ನು ಹೇಳುವದು ಕಷ್ಟ. ಹೇಳದಿರುವದು ಇನ್ನೂ ಕಷ್ಟ. ಹಿಂದೂ, ಸಿಖ್, ಬೌದ್ಧ ಎಂಬ ಮತಗಳನ್ನು ಬಿಟ್ಟು ಬೇರೆ ಮತವನ್ನು ಅವಲಂಬಿಸಿದವನು ಪರಿಶಿಷ್ಟ ಜಾತಿಯವನಾಗಿ ಎಣಿಸಲ್ಪಡನೆಂಬದು ಈಗಿನ ಕಾನೂನು. 1950ರ ಆಜ್ಞೆಯು ಹಿಂದೂಗಳನ್ನು ಮಾತ್ರ ಹೇಳಿತ್ತು, 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಸೇರಿದರು, ಕ್ರೈಸ್ತರು ಸೇರಲಿಲ್ಲ. ದೀಕ್ಷೆಯ ನೀರು ಬಿದ್ದ ಮಾತ್ರಕ್ಕೆ ಊರಿನವರು ಕೇರಿಯ ಗೆರೆಯನ್ನು ಅಳಿಸಿಬಿಡರೆಂಬದು ನಿಮಗೆ ಗೊತ್ತು. ಆ ಕಾರಣದಿಂದ ಈ ನಿಯಮವು ನ್ಯಾಯವಲ್ಲವೆಂದು ಕ್ರೈಸ್ತರು ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ್ದಾರೆ. ಪರಿಶಿಷ್ಟ ಪಂಗಡದವರಿಗೆ ಇಂಥ ನಿಬಂಧನೆ ಇಲ್ಲ.

ಹೀಗಿರಲಾಗಿ, ಮಗನ ಸೀಟಿಗೋಸ್ಕರ ನಾವು ಕ್ರೈಸ್ತರಲ್ಲವೆಂದು ಬರೆಸೋಣವೋ ಎಂಬ ಶೋಧನೆ ಮನೆಯೊಳಗೆ ಬರುತ್ತದೆ. ಹಾಗೆ ಬರೆಸಿದವರ ಮೇಲೆ ಕಲ್ಲೆಸೆಯುವದಕ್ಕೆ ನಾವು ಯಾರು? ಆದರೂ ಎರಡು ಮಾತು ಹೇಳಲೇಬೇಕು. 2024ರ ನವೆಂಬರ್ ತಿಂಗಳಲ್ಲಿ ಸುಪ್ರೀಂ ಕೋರ್ಟು, ಕ್ರೈಸ್ತ ಮತವನ್ನು ಅವಲಂಬಿಸಿಕೊಂಡೇ ಕೆಲಸಕ್ಕೋಸ್ಕರ ಪರಿಶಿಷ್ಟ ಜಾತಿಯ ದೃಢಪತ್ರ ಕೇಳುವದು ಸಲ್ಲದೆಂದು ತೀರ್ಪು ಕೊಟ್ಟಿತು. ಸುಳ್ಳಿನ ಮೇಲೆ ಕಟ್ಟಿದ್ದು ಹತ್ತು ವರುಷದ ಮೇಲೆಯಾದರೂ ಕುಸಿಯಬಹುದು. ಎರಡನೆಯದಾಗಿ, ಸ್ವಾಮಿಯು ಗೋಪುರದ ಸಾಮ್ಯವನ್ನು ಹೇಳಿದ್ದು ಕಲ್ಲುಗಾರೆಯ ವಿಷಯವಾಗಿ ಅಲ್ಲ, ತನ್ನನ್ನು ಹಿಂಬಾಲಿಸುವದಕ್ಕೆ ತಗಲುವ ಬೆಲೆಯ ವಿಷಯವಾಗಿಯೇ. ಆ ಬೆಲೆಯ ಒಂದು ಭಾಗ ನಮ್ಮ ಮಕ್ಕಳ ಪಾಲಿಗೆ ಈ ಚೀಟಿಯ ರೂಪದಲ್ಲಿ ಬಂದದೆ. ತಂದೆಯು ಹೇಳಿಕೊಟ್ಟ ಸುಳ್ಳಿನಿಂದ ಓದು ಆರಂಭಿಸಿದ ಮಗನು ಪ್ರಾರ್ಥನೆಗೆ ನಿಂತಾಗ ಯಾವ ಹೆಸರಿನಿಂದ ನಿಂತಾನು?

ಇದರಿಂದ ಬಾಗಿಲೆಲ್ಲಾ ಮುಚ್ಚಿತೆಂದು ತಿಳಿಯಬೇಡಿರಿ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರಿಗೂ ಸ್ಥಾನವುಂಟು. ನೀವು ಯಾವ ಪ್ರವರ್ಗಕ್ಕೆ ಸೇರುವಿರೆಂದು ತಹಸೀಲ್ದಾರರ ಕಚೇರಿಯಲ್ಲಿ ಕೇಳಿ, ಆದಾಯದ ದೃಢಪತ್ರವನ್ನೂ ಕೂಡಿಸಿ, ನಿಜವಾದ ಚೀಟಿಯನ್ನು ಕಾಲಕ್ಕೆ ಸರಿಯಾಗಿ ಮಾಡಿಸಿಕೊಳ್ಳಿರಿ.

6. ಹೆಣ್ಣುಮಕ್ಕಳ ವಿಷಯ

ಆರರಿಂದ ಹದಿನಾಲ್ಕು ವರುಷದ ಮಕ್ಕಳಿಗೆ ಶಿಕ್ಷಣವು ಹಕ್ಕೆಂದು 2009ರ ಕಾಯಿದೆ ಹೇಳುತ್ತದೆ. ಹದಿನಾಲ್ಕು ದಾಟಿದಲ್ಲಿ ಆ ಕಾಯಿದೆಯ ಕೈ ನಿಲ್ಲುತ್ತದೆ. ಆಗ ಹಿಡಿಯಬೇಕಾದದ್ದು ಹೆತ್ತವರ ಕೈ. ಅದೇ ಸಮಯದಲ್ಲಿ ನಂಟರು ಬಂದು ಮದುವೆಯ ಮಾತು ತೆಗೆಯುತ್ತಾರೆ. 2006ರ ಕಾಯಿದೆಯಂತೆ ಹದಿನೆಂಟು ತುಂಬದ ಹುಡುಗಿಯ ಮದುವೆಯು ಬಾಲ್ಯವಿವಾಹವು. ಅದನ್ನು ನಡಿಸುವವರೂ ನಡಿಸಗೊಡುವವರೂ ಅಪರಾಧಿಗಳು. ಇದಲ್ಲದೆ, ತಿಮೊಥೆಯನಿಗೆ ಚಿಕ್ಕಂದಿನಿಂದ ವೇದವನ್ನು ಕಲಿಸಿದ ಮನೆಯಲ್ಲಿ ಮೊದಲು ನಂಬಿಕೆಯಿಟ್ಟವರು ಅವನ ಅಜ್ಜಿ ಲೋವಿಯೂ ತಾಯಿ ಯೂನಿಕೆಯೂ. ಓದಿದ ತಾಯಿಯಿರುವ ಮನೆಯಲ್ಲಿ ವೇದವು ಮುಚ್ಚಿದ ಪುಸ್ತಕವಾಗಿ ಉಳಿಯದು.

7. ಸಭೆಯು ಮಾಡತಕ್ಕದ್ದು

ಜೂನ್ ತಿಂಗಳಲ್ಲಿ ಸೀಟು ಕೇಳಿಕೊಂಡು ಓಡುವದಕ್ಕಿಂತ ಹಿಂದಿನ ನವೆಂಬರಿನಲ್ಲಿ ಕೂತು ಮಾತಾಡುವದು ಲೇಸು. ಆ ಹೊತ್ತಿಗೆ ಸಭೆಯ ಹಿರಿಯರು ಹತ್ತನೆಯ ತರಗತಿಯ ಮಕ್ಕಳ ಹೆಸರುಗಳನ್ನು ಬರೆದು, ಒಂದೊಂದು ಮನೆಗೂ ಹೋಗಿ, ತಂದೆತಾಯಿಗಳನ್ನೂ ಮಗುವನ್ನೂ ಒಟ್ಟಿಗೆ ಕೂರಿಸಿ ಮಾತಾಡಲಿ. ಮಗುವಿನ ಬಾಯಿಂದಲೂ ಮಾತು ಬರಲಿ. ಗೋಪುರ ಕಟ್ಟುವವನೇ ಲೆಕ್ಕಕ್ಕೆ ಕೂಡದಿದ್ದರೆ ಆ ಲೆಕ್ಕ ಯಾರದ್ದು? ಸ್ತ್ರೀಯರ ಕೂಟದವರು ಹಿಡಿಯಕ್ಕಿಯ ಹಣದಲ್ಲಿ ಒಂದು ಪಾಲನ್ನು ಅರ್ಜಿಗಳ ಖರ್ಚಿಗೂ ಬಸ್ಸಿನ ಖರ್ಚಿಗೂ ತೆಗೆದಿಡಲಿ. ಪಟ್ಟಣದಲ್ಲಿ ಕೆಲಸದಲ್ಲಿರುವ ನಮ್ಮ ಸಭೆಯವರು ಹೊಸದಾಗಿ ಬರುವ ಮಗುವನ್ನು ಮೊದಲ ಆದಿತ್ಯವಾರ ದೇವಾಲಯಕ್ಕೆ ಕರಕೊಂಡು ಹೋಗಲಿ. ಪಟ್ಟಣದಲ್ಲಿ ಮೊದಲ ತಿಂಗಳು ಒಬ್ಬಂಟಿಗನಾದವನನ್ನು ಬೇರೆ ಸ್ನೇಹಿತರು ಬೇಗ ಕಂಡುಕೊಳ್ಳುತ್ತಾರೆ.

ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

1. ಚಿಂತೆಗೂ ಆಲೋಚನೆಗೂ ಇರುವ ಭೇದವನ್ನು ಯೋಸೇಫನ ಚರಿತ್ರೆಯಿಂದ ತೋರಿಸಿರಿ.
2. ದಾನಿಯೇಲನು ಬಾಬೆಲಿನಲ್ಲಿ ಯಾವದನ್ನು ಕಲಿತನು? ಯಾವದನ್ನು ಬಿಡಲಿಲ್ಲ?
3. ನಮ್ಮ ಸಭೆಯಲ್ಲಿ ಈ ವರುಷ ಹತ್ತನೆಯ ತರಗತಿಯಲ್ಲಿರುವ ಮಕ್ಕಳು ಯಾರು ಯಾರು? ಅವರ ಮನೆಗೆ ಯಾರು ಹೋಗುವಿರಿ? ಯಾವ ದಿನ?

ಮೂರನೆಯ ಪ್ರಶ್ನೆಗೆ ಉತ್ತರ ಬಾರದೆ ಕೂಟವನ್ನು ಮುಗಿಸಬೇಡಿರಿ. ಆ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳಿ ಪ್ರಾರ್ಥಿಸಿರಿ.