ಏಳನೇ ಕ್ಲಾಸು ಮುಗಿಯುವಾಗ

ಮಗಳು ಹೈಸ್ಕೂಲು ದಾಟಿದ್ದಾಳೆ. ಮಗನದು ಬರುವ ಏಪ್ರಿಲ್ 10ಕ್ಕೆ ಏಳನೆಯದು ಮುಗಿಯುತ್ತದೆ. ಬಸವನಗುಡಿಯ ಶಾಲೆಯೊಂದರ ಗೇಟಿನಲ್ಲಿ ವರ್ಷಗಟ್ಟಲೆ ನಿಂತ ತಾಯಿಯಾಗಿ ಇಷ್ಟು ಹೇಳಬಲ್ಲೆ.

1. ಅಳು ಬೀಳ್ಕೊಡುಗೆಯ ದಿನ ಬರುವುದಿಲ್ಲ. ಅವತ್ತು ಪುರುಸೊತ್ತೆಲ್ಲಿ? ಮಗಳಿಗೆ ಲಂಗ ದಾವಣಿ ಉಡಿಸಬೇಕು, ಗಾಂಧಿಬಜಾರಿನಿಂದ ಮಲ್ಲಿಗೆ ತಂದು ಮುಡಿಸಬೇಕು, ಶಾರದಾ ಪೂಜೆಯ ಪ್ರಸಾದಕ್ಕೆ ಡಬ್ಬಿ ಕೊಟ್ಟು ಕಳಿಸಬೇಕು. ಬರುವುದು ಆಮೇಲೆ, ಟಿ.ಸಿ. ಕೈಗೆ ಸಿಕ್ಕಾಗ. ಅದರಲ್ಲಿ ಶಾಲೆ ಬಿಡಲು ಕಾರಣವೇನೆಂದು ಒಂದು ಕಾಲಂ ಇತ್ತು. ಗುಮಾಸ್ತರು ನೀಲಿ ಶಾಯಿಯಲ್ಲಿ ‘ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ’ ಎಂದು ಬರೆದಿದ್ದರು. ಎಂದಿನ ಒಕ್ಕಣೆಯೇ, ಆದರೂ ಗಂಟಲು ಕಟ್ಟಿತು. ಕಣ್ಣೊರೆಸಿಕೊಳ್ಳುವ ಮೊದಲು ಇನಿಷಿಯಲ್, ತಂದೆತಾಯಿ ಹೆಸರು, ಅಂಕಿಯಲ್ಲೂ ಅಕ್ಷರದಲ್ಲೂ ಬರೆದ ಹುಟ್ಟಿದ ತಾರೀಖು, ಇಷ್ಟನ್ನೂ ಆಧಾರ್ ಜೊತೆ ತಾಳೆ ನೋಡಿ. ತಪ್ಪು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯವರೆಗೆ ಹೋಯಿತೆಂದರೆ ತಿದ್ದಿಸುವುದು ದೊಡ್ಡ ರಗಳೆ.

2. ‘ಫಸ್ಟ್ ಲ್ಯಾಂಗ್ವೇಜ್ ಏನು ತೊಗೊಳ್ತಾನೆ?’ ಬಸವನಗುಡಿ, ಮಲ್ಲೇಶ್ವರದ ಮನೆಗಳಲ್ಲಿ ಈ ಪ್ರಶ್ನೆ ಗಂಡು ನೋಡುವ ಮಾತುಕತೆಯಷ್ಟೇ ಉದ್ದ ಎಳೆಯುತ್ತದೆ. ಎಸ್ಸೆಸ್ಸೆಲ್ಸಿಯ 625ರಲ್ಲಿ ಪ್ರಥಮ ಭಾಷೆಯೊಂದಕ್ಕೇ 125. ಸಂಸ್ಕೃತವಾದರೆ ಮಾರ್ಕ್ಸ್ ಸುಲಭ ಅನ್ನುವುದು ಇಲ್ಲಿ ನಮ್ಮ ಅತ್ತೆಯ ಕಾಲದ ಮಾತು. ಹೈಸ್ಕೂಲಿನಲ್ಲಿ ಕನ್ನಡದ ಸ್ಥಾನ ಯಾವುದೆಂಬ ಜಗಳಕ್ಕೇ ಗೋಕಾಕ್ ಸಮಿತಿ ಕೂತಿದ್ದು, 1981ರಲ್ಲಿ ವರದಿ ಕೊಟ್ಟಿದ್ದು. ಮರುವರ್ಷ ರಾಜ್‌ಕುಮಾರ್ ಚಳವಳಿಗೆ ಇಳಿದ ಮೇಲೆ ಇಡೀ ನಾಡೇ ಬೀದಿಗೆ ಬಂತು. ನಮ್ಮ ಮನೆಯಲ್ಲಿ ಅದೆಲ್ಲ ಲೆಕ್ಕಕ್ಕೇ ಬರಲಿಲ್ಲ. ಮಗಳು ಸಂಸ್ಕೃತ ತೆಗೆದುಕೊಂಡಳು. ಅಂಕಕ್ಕೂ ಅಲ್ಲ, ಸಂಸ್ಕಾರಕ್ಕೂ ಅಲ್ಲ, ಪಕ್ಕದಲ್ಲಿ ಕೂರುವ ಗೆಳತಿ ತೆಗೆದುಕೊಂಡಳು ಅಂತ. ಮಗನದು ಕನ್ನಡವೇ. ‘ರಾಮಃ ರಾಮೌ ರಾಮಾಃ ಅಂತ ಉರು ಹೊಡೆಯೋಕೆ ನನ್ನ ಕೈಲಾಗಲ್ಲಮ್ಮ’ ಅಂದ. ಎರಡೂ ಸರಿಯಾದ ಕಾರಣಗಳೇ. ಓದುವವರು ಅವರು. ಬಿಟ್ಟುಕೊಡಲು ಕಷ್ಟವಾಗುವುದು ಭಾಷೆಯನ್ನಲ್ಲ, ತೀರ್ಮಾನವನ್ನು. ಏಳು ವರ್ಷ ಟಿಫಿನ್ನಿಗೇನು ಅನ್ನುವುದನ್ನೂ ನಾವೇ ಗೊತ್ತುಮಾಡಿದವರಲ್ಲವೇ!

3. ಭಾವುಕರಾಗುವುದಕ್ಕೂ ಅನುಕೂಲ ಬೇಕು. ಚಾಮರಾಜಪೇಟೆಯಲ್ಲಿರುವ ನಮ್ಮ ಸಂಬಂಧಿಯೊಬ್ಬರ ಮಗ ಆರ್‌ಟಿಇ ಸೀಟಿನಲ್ಲಿ ಓದುತ್ತಿದ್ದಾನೆ. ಆ ಕಾಯ್ದೆ ಎಂಟನೆಯ ತರಗತಿವರೆಗೆ ಮಾತ್ರ. ಒಂಬತ್ತಕ್ಕೆ ಪೂರ್ತಿ ಫೀಸು ಕಟ್ಟಬೇಕು. ಗ್ರೂಪ್ ಫೋಟೋ ತೋರಿಸಿ ‘ಎಷ್ಟು ಬೇಗ ಬೆಳೆದ ನೋಡಿ’ ಅಂದರೆ ಅವರು ‘ಹ್ಞೂಂ’ ಅಂದು ಸುಮ್ಮನಾಗುತ್ತಾರೆ. ಅಂಥವರ ಎದುರು ನಮ್ಮ ನಿಟ್ಟುಸಿರು ಕಡಿಮೆ ಮಾಡಿಕೊಳ್ಳುವುದು ಒಳ್ಳೆಯದು.

4. ಒಬ್ಬನೇ ಹೋಗುವ ರೂಢಿಯನ್ನು ಜೂನ್‌ವರೆಗೆ ಕಾಯದೆ ಫೆಬ್ರವರಿಯಲ್ಲೇ, ಗೊತ್ತಿರುವ ದಾರಿಯಲ್ಲೇ ಶುರುಮಾಡಿ. ನಮ್ಮ ಯಜಮಾನರು ಇದಕ್ಕೆ ಎಚ್. ನರಸಿಂಹಯ್ಯನವರ ಕಥೆ ತೆಗೆಯುತ್ತಾರೆ. ಗೌರಿಬಿದನೂರಿನ ಹತ್ತಿರದ ಹೊಸೂರಿನಿಂದ 1935ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಬಂದ ಹುಡುಗ ಅವರು. ಇಲ್ಲೇ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಸರಿ, ಆದರೆ ಆಗ ನೆಟ್ಟಕಲ್ಲಪ್ಪ ಸರ್ಕಲ್ಲಿನಲ್ಲಿ ಇಷ್ಟು ಬೈಕುಗಳಿದ್ದವೇ ಅನ್ನುತ್ತೇನೆ ನಾನು. ಮೊದಮೊದಲು ಮಗನಿಂದ ಹತ್ತು ಹೆಜ್ಜೆ ಹಿಂದೆ ನಡೆದೆ. ರಸ್ತೆ ದಾಟುವಾಗ ಅವನು ಎರಡೂ ಕಡೆ ನೋಡುತ್ತಾನೆ, ಒಮ್ಮೆ ಹಿಂದಕ್ಕೂ ನೋಡುತ್ತಾನೆ, ನಾನು ಇದ್ದೇನೆಂದಲ್ಲ, ಗೆಳೆಯರ ಕಣ್ಣಿಗೆ ಬಿದ್ದೆನೇನೋ ಅಂತ.

5. ಮಕ್ಕಳ ಸ್ನೇಹ ಹೇಗೋ ಮುಂದುವರಿಯುತ್ತದೆ, ಕಾಲಕ್ಕೆ ತಕ್ಕ ಹಾಗೆ ಬೇರೆಯದೂ ಹುಟ್ಟುತ್ತದೆ. ಸದ್ದಿಲ್ಲದೆ ಮುರಿಯುವುದು ಗೇಟಿನ ಹತ್ತಿರ ನಿಂತು ಮಾತಾಡುತ್ತಿದ್ದ ತಾಯಂದಿರ ಬಳಗ. ಹೈಸ್ಕೂಲಿನ ಗೇಟಿಗೆ ಅಮ್ಮಂದಿರು ಬರಕೂಡದು, ಅದು ಮಕ್ಕಳ ಕಾನೂನು. ಮಗಳ ಸಲದ ಬಳಗವನ್ನು ನಾವು ಹಾಗೇ ಉಳಿಸಿಕೊಂಡೆವು. ತಿಂಗಳಿಗೊಮ್ಮೆ ಬೆಳಗ್ಗೆ ವಿದ್ಯಾರ್ಥಿ ಭವನದಲ್ಲಿ ಸೇರುತ್ತೇವೆ. 1943ರಲ್ಲಿ ಓದುವ ಹುಡುಗರಿಗೆಂದು ಶುರುವಾದ ಹೋಟೆಲು, ಈಗ ಅವರ ಅಮ್ಮಂದಿರಿಗೆ. ಮಗನ ಕ್ಲಾಸಿನ ತಾಯಂದಿರಿಗೂ ಹೇಳಿಟ್ಟಿದ್ದೇನೆ. ಶುಕ್ರವಾರ ಮಾತ್ರ ಬೇಡ, ಅವತ್ತು ಹೋಟೆಲಿಗೆ ರಜೆ.