ವಿದ್ಯುತ್ ಕಾರಿನ ಇರುಸು

ಬಂಡಿಯ ಇರುಸಿಗೆ ಕೀಲೆಣ್ಣೆ ಬೇಕೆಂಬುದನ್ನು ಹಳಿಯಾಳ, ಮುಂಡಗೋಡದ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ವಿದ್ಯುತ್ ಕಾರಿಗೂ ಈ ನಿಯಮ ತಪ್ಪಿದ್ದಲ್ಲವೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

2020ರಲ್ಲಿ ಬಂದ ಮೊದಲ ಟಾಟಾ ನೆಕ್ಸಾನ್ ವಿದ್ಯುತ್ ಕಾರನ್ನೇ ತೆಗೆದುಕೊಳ್ಳೋಣ. ಅದರ ಮೋಟಾರು 245 ನ್ಯೂಟನ್ ಮೀಟರ್ ಟಾರ್ಕನ್ನು, ಅಂದರೆ ತಿರುಗುಬಲವನ್ನು, ನಿಂತಲ್ಲಿಂದಲೇ ಕೊಡಬಲ್ಲದು. ಪೆಟ್ರೋಲ್ ಇಂಜಿನ್ನಾದರೋ ವೇಗವೇರಿದ ಮೇಲೆಯೇ ಪೂರ್ಣ ಬಲ ತೋರುವುದು. ಆದುದರಿಂದ ಎಕ್ಸಲೇಟರನ್ನು ಥಟ್ಟನೆ ತುಳಿದರೆ ಮುಂದಿನ ಗಾಲಿಗಳ ಇರುಸಿಗೆ ಒಮ್ಮೆಲೇ ಪೆಟ್ಟು ಬೀಳುತ್ತದೆ. ಕಾಲು ತೆಗೆದೊಡನೆ ಮೋಟಾರು ಬ್ಯಾಟರಿಗೆ ವಿದ್ಯುತ್ ತುಂಬುತ್ತ ಗಾಲಿಯನ್ನು ತಡೆಯುವುದರಿಂದ ಬಲವು ಹಿಮ್ಮುಖವಾಗುತ್ತದೆ.

ಇರುಸಿನ ತುದಿಯ ಕೀಲುಗಳಲ್ಲಿ ಗ್ರೀಸು ತುಂಬಿ ರಬ್ಬರಿನ ಚೀಲ ತೊಡಿಸಿರುತ್ತಾರೆ. ಜೋಯಿಡಾದ ಕಾಡುದಾರಿಯಲ್ಲಿ ಕಲ್ಲು ತಗಲಿ ಚೀಲ ಹರಿದರೆ ಗ್ರೀಸು ಚೆಲ್ಲಿ ಕೆಸರು ಒಳಸೇರುತ್ತದೆ. ತಿರುವಿನಲ್ಲಿ ಟಕ್ ಟಕ್ ಸದ್ದು ಕೇಳುವ ಹೊತ್ತಿಗೆ ಕೀಲು ಸವೆದಿರುತ್ತದೆ.

ಮಳೆಗಾಲಕ್ಕೆ ಮುಂಚೆಯೂ ಅನಂತರವೂ ಚೀಲವನ್ನು ಪರೀಕ್ಷಿಸಬೇಕು. ಹರಿದಿದ್ದರೆ ಒಡನೆ ಬದಲಿಸಬೇಕು. ಸ್ಟಿಯರಿಂಗನ್ನು ಪೂರ್ಣ ತಿರುಗಿಸಿ ಜೋರಾಗಿ ತುಳಿಯಬಾರದು. ಕಾರನ್ನು ಎತ್ತರಿಸಲು ಸ್ಪ್ರಿಂಗು ಬದಲಿಸಿದರೆ ಕೀಲಿನ ಕೋನ ಹೆಚ್ಚಿ ಸವೆತವೂ ಹೆಚ್ಚುವುದು.

ಅಣಶಿ ಘಟ್ಟದಲ್ಲಿ ಇರುಸು ಕೈಕೊಟ್ಟರೆ ದಾಂಡೇಲಿಯಿಂದ ನೆರವು ಬರುವವರೆಗೆ ಕಾಯಬೇಕು. ಬಾಡಿಗೆ ಓಡಿಸುವವನಿಗೆ ಅಂದಿನ ಸಂಪಾದನೆ ಹೋದಂತೆಯೇ. ಇರುಸಿನ ಬೆಲೆಯ ಮುಂದೆ ರಬ್ಬರು ಚೀಲದ ಬೆಲೆ ಅತ್ಯಲ್ಪವೆಂಬುದನ್ನು ಮಿತ್ರರು ನೆನಪಿಡಲಿ.