ವೈರಸ್ಸು, ಏಡಿಗಂತಿ ಮತ್ತು ಗಡಿನಾಡಿನ ಮಾತು

ಕ್ಯಾನ್ಸರಿಗೆ ಕನ್ನಡದಲ್ಲಿ ‘ಅರ್ಬುದ’ ಎಂದೂ ‘ಏಡಿಗಂತಿ’ ಎಂದೂ ಹೆಸರುಗಳುಂಟು. ಮೊದಲನೆಯದು ಸಂಸ್ಕೃತದಿಂದ ಬಂದುದು. ಎರಡನೆಯದು ಏಡಿ, ಗಂತಿ ಎಂಬ ಪದಗಳು ಕೂಡಿ ಆದ ಸಮಾಸ. ಗ್ರೀಕರೂ ಈ ರೋಗವನ್ನು ಏಡಿಯ ಹೆಸರಿನಿಂದಲೇ ಕರೆದರು. ಆದರೆ ಈ ಹೆಸರು ರೋಗದ ರೂಪವನ್ನು ಸೂಚಿಸುತ್ತದೆಯೇ ಹೊರತು ಅದರ ಕಾರಣವನ್ನಲ್ಲ.

ಕೆಲವು ಗಂತಿಗಳಿಗೆ ವೈರಸ್ಸು ಕಾರಣವೆಂಬ ಸುಳಿವು 1911ರಲ್ಲಿ ದೊರೆಯಿತು. ಅಮೆರಿಕದ ಪೇಟನ್ ರೌಸ್ ಕೋಳಿಯ ಗಂತಿಯನ್ನು ಅರೆದು, ಜೀವಕೋಶಗಳು ದಾಟಲಾರದಷ್ಟು ಸೂಕ್ಷ್ಮವಾಗಿ ಸೋಸಿ, ಆ ದ್ರವವನ್ನು ಬೇರೆ ಕೋಳಿಗೆ ಚುಚ್ಚಿದಾಗ ಅಲ್ಲಿಯೂ ಗಂತಿ ಬೆಳೆಯಿತು. ಈ ಶೋಧಕ್ಕೆ ನೊಬೆಲ್ ಪ್ರಶಸ್ತಿ ಬಂದುದು 1966ರಲ್ಲಿ. ಮುಂದೆ 1983–84ರಲ್ಲಿ ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಅವರ ತಂಡವು ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ 16 ಮತ್ತು 18ನೆಯ ಬಗೆಗಳನ್ನು ಗುರುತಿಸಿತು. ಆ ಕ್ಯಾನ್ಸರಿನ ಪ್ರಕರಣಗಳಲ್ಲಿ ಶೇ. 70ರಷ್ಟಕ್ಕೆ ಇವೆರಡೇ ಮೂಲ.

ಜೀವಕೋಶದ ವಿಭಜನೆಗೆ ಕಡಿವಾಣ ಹಾಕುವ ಪ್ರೋಟೀನುಗಳಿವೆ. ಪಿ53 ಎಂಬುದನ್ನು ವೈರಸ್ಸಿನ ಇ6 ನಾಶಮಾಡುತ್ತದೆ. ಆರ್‌ಬಿ ಎಂಬುದನ್ನು ಇ7 ನಿಷ್ಕ್ರಿಯಗೊಳಿಸುತ್ತದೆ. ಕಡಿವಾಣ ಕಳಚಿದ ಕೋಶವು ಎಣೆಯಿಲ್ಲದೆ ಒಡೆಯುತ್ತ ಹೋಗುತ್ತದೆ. ಹೆಚ್ಚಿನವರಲ್ಲಿ ದೇಹವೇ ಒಂದೆರಡು ವರ್ಷಗಳಲ್ಲಿ ಈ ಸೋಂಕನ್ನು ನೀಗಿಕೊಳ್ಳುತ್ತದೆ. ಸೋಂಕು ಬಹುಕಾಲ ಉಳಿದವರಲ್ಲಿ ಕೆಲವರಿಗೆ ಮಾತ್ರ, ಸಾಮಾನ್ಯವಾಗಿ 15–20 ವರ್ಷಗಳ ಬಳಿಕ, ಕ್ಯಾನ್ಸರು ತಲೆದೋರುತ್ತದೆ. ಈ ದೀರ್ಘಾವಧಿಯೇ ತಪಾಸಣೆಗೆ ಸಿಗುವ ಅವಕಾಶ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸುಗಳ ಹಾದಿ ಬೇರೆ: ಯಕೃತ್ತಿನಲ್ಲಿ ವರ್ಷಗಟ್ಟಲೆ ಉರಿಯೂತವನ್ನುಳಿಸಿ ಅವು ಕ್ಯಾನ್ಸರಿಗೆ ಎಡೆಮಾಡುತ್ತವೆ.

ಇಲ್ಲಿ ಪದವಿವೇಕ ಅಗತ್ಯ. ಅಂಟುವುದು ವೈರಸ್ಸು, ಕ್ಯಾನ್ಸರಲ್ಲ. ಈ ಭೇದ ತಿಳಿಯದ ಮನೆಯಲ್ಲಿ ರೋಗಿಯ ತಟ್ಟೆ ಲೋಟಗಳು ಬೇರೆಯಾಗುತ್ತವೆ. ನಾಚಿಕೆಯಿಂದ ಹೆಣ್ಣುಮಕ್ಕಳು ಬಿಳಿಸೆರಗನ್ನೂ ಅಕಾಲದ ರಕ್ತಸ್ರಾವವನ್ನೂ ಮುಚ್ಚಿಡುತ್ತಾರೆ.

ರಾಯದುರ್ಗವು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಅಲ್ಲಿಯೂ ಮಡಕಶಿರದಲ್ಲಿಯೂ ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು ಆಗಿರುವ ಕುಟುಂಬಗಳಿವೆ. ಅಂಥ ಮನೆಯ ತಾಯಿಗೆ ತಪಾಸಣೆಯ ಮಾತು ತನ್ನ ನುಡಿಯಲ್ಲಿಯೇ ತಲುಪಬೇಕು. ಹುಡುಗಿಯರಿಗೆ ಲಸಿಕೆ, ಮೂವತ್ತು ದಾಟಿದ ಸ್ತ್ರೀಯರಿಗೆ ಗರ್ಭಕೊರಳಿನ ತಪಾಸಣೆ, ನವಜಾತ ಶಿಶುವಿಗೆ ಹೆಪಟೈಟಿಸ್ ಬಿ ಲಸಿಕೆ: ಇವು ಈ ಕ್ಯಾನ್ಸರುಗಳನ್ನು ತಡೆಯುವ ಉಪಾಯಗಳು. ಅವನ್ನು ತಿಳಿಗನ್ನಡದಲ್ಲಿ ಹೇಳಬಲ್ಲ ವಿದ್ಯಾರ್ಥಿಯ ಭಾಷಾಭ್ಯಾಸವು ಜೀವರಕ್ಷಣೆಗೂ ಒದಗುತ್ತದೆ.

ಅಭ್ಯಾಸ: ‘ಅಂಟು’, ‘ಸೋಂಕು’, ‘ನಂಜು’ ಪದಗಳ ಅರ್ಥಭೇದವನ್ನು ಉದಾಹರಣೆಗಳೊಡನೆ ವಿವರಿಸಿರಿ.